ನಲವತ್ತೈದು ನಿಮಿಷದ ಕ್ಯಾಸೆಟ್ಟೂ ನೀಲಗಾರರ ಇಡೀ ರಾತ್ರಿಯೂ

ಅಜ್ಜಿ ಮನೆ ಅಟ್ಟ ಅಂದ್ರೆ ನಿಮಗೆ ಗೊತ್ತಲ್ಲ... ಒಡೆದ ಲಾಟೀನು, ತುಕ್ಕು ಹಿಡಿದ ಟ್ರಂಕು, ಯಾರದೋ ಮದುವೆಯ ಲಗ್ನಪತ್ರಿಕೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ತೆರಕಣಾಂಬಿ ಸಿಗುತ್ತೆ. ಅಲ್ಲೇ ಹತ್ತಿರದಲ್ಲಿರೋ ನಮ್ಮಜ್ಜಿ ಮನೆ ಅಟ್ಟದಲ್ಲಿ ಎರಡು ವರ್ಷದ ಹಿಂದೆ ನನಗೊಂದು ಕ್ಯಾಸೆಟ್ಟು ಸಿಕ್ಕಿತು. ಮೇಲೆ ನೀಲಿ ಇಂಕಿನಲ್ಲಿ ತಾತನ ಅಕ್ಷರ - ‘ಸಿದ್ದಪ್ಪಾಜಿ ಕತೆ’.

ಅದನ್ನು ಹಾಕಿ ಕೇಳೋಕೆ ಟೇಪ್ ರೆಕಾರ್ಡರ್ ಹುಡುಕುವಷ್ಟರಲ್ಲಿ ಸಾಕಾಗಿ ಹೋಯ್ತು ಬಿಡಿ :-) ಕೊನೆಗೆ ನೆಂಟರ ಮನೆಯಲ್ಲಿ ಒಂದು ಸಿಕ್ಕಿತು. ತಂಬೂರಿ, ಗಗ್ಗರ, ಅದರ ಮೇಲೆ ಊರಿನ ನೀಲಗಾರರೊಬ್ಬರ ಗಟ್ಟಿ ದನಿ. ನಾನು ಹುಟ್ಟುವ ಮೊದಲೇ ತೀರಿಕೊಂಡವರಂತೆ ಅವರು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡೋಕೆ ಹಲಗೂರಿನ ಪಾಂಚಾಳರ ಹತ್ತಿರ ಬಂದು ನಿಂತ... ಟಕ್! ಅಲ್ಲಿಂದಾಚೆಗೆ ಸಿನಿಮಾ ಹಾಡು. 22 ನಿಮಿಷಕ್ಕೆ ಕತೆ ಮುಗಿದಿತ್ತು.

ಚಿಕ್ಕಪ್ಪನನ್ನು ಕೇಳಿದೆ. “ನಾನೇ ಕನಪ್ಪ, ಆಗ ಹೊಸ ಕ್ಯಾಸೆಟ್ಗ ದುಡ್ಡೆಲ್ಲಿತ್ತು?” ಅಂತ ನಕ್ಕರು. ಆಮೇಲೆ ಅವರೂ ಸುಮ್ಮನಾದರು.

ಆ ‘ಟಕ್’ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ರಾತ್ರಿಯಿಡೀ ಹಾಡುವ ನಮ್ಮ ಸೀಮೆಯ ಕಾವ್ಯವನ್ನು ಯಾವ ಯಂತ್ರ ಎಷ್ಟು ಹಿಡಿಯಿತು? ಯಾವುದನ್ನು ಬಿಟ್ಟಿತು? ಅದನ್ನೇ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಬರಹ.

ಮೊದಲು ಹೊರಗಿನವರಿಗೆ ಎರಡು ಮಾತು. ಚಾಮರಾಜನಗರ ಸೀಮೆಯಲ್ಲಿ ಎರಡು ದೊಡ್ಡ ಬಾಯಿಮಾತಿನ ಕಾವ್ಯಗಳಿವೆ. ಒಂದು ಮಲೆ ಮಾದೇಶ್ವರನದು, ಕಂಸಾಳೆ ಹಿಡಿದ ದೇವರಗುಡ್ಡರು ಹಾಡೋದು. ಇನ್ನೊಂದು ಮಂಟೇಸ್ವಾಮಿಯದು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಈ ಕತೆಯನ್ನು ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಹಾಡುತ್ತಾರೆ. ಅವರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. ಕತೆಯ ಒಂದೊಂದು ಭಾಗಕ್ಕೂ ‘ಸಾಲು’ ಅಂತ ಹೆಸರು. ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಕಾವ್ಯದ ಅಳತೆ ಪುಟ ಅಲ್ಲ, ರಾತ್ರಿ!

ಯಂತ್ರದ ಅಳತೆ ಮಾತ್ರ ನಿಮಿಷದ್ದು. ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರನ್ನು ಹಾಡಿಸಿದ. ಆ ಕಾಲದ ತಟ್ಟೆಯ ಒಂದು ಪಕ್ಕಕ್ಕೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗೌಹರ್ ಜಾನ್ ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ತಮ್ಮ ಹೆಸರನ್ನೂ ಹೇಳಿ ಮುಗಿಸುತ್ತಿದ್ದರು. ನಮ್ಮ ನೀಲಗಾರರನ್ನು ಅಲ್ಲಿ ಕೂರಿಸಿದ್ದಿದ್ದರೆ? ಎಂಟು ಗಂಟೆಯ ಒಂದು ರಾತ್ರಿಗೆ 160 ಪಕ್ಕ ಬೇಕಿತ್ತು. ಮೊದಲನೇ ಪಕ್ಕದಲ್ಲಿ ಗುರುವಿನ ಸ್ತುತಿಯೂ ಮುಗಿಯುತ್ತಿರಲಿಲ್ಲ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. 1933ರಿಂದ 1935ರವರೆಗೆ ಅಮೆರಿಕದ ಮಿಲ್ಮನ್ ಪ್ಯಾರಿ ಯುಗೋಸ್ಲಾವಿಯಾದ ಹಳ್ಳಿಗಳಲ್ಲಿ ಹಾಡುಗಾರರನ್ನು ಹುಡುಕಿಕೊಂಡು ತಿರುಗಿದ. ಹೋಮರನ ಕಾವ್ಯ ಬಾಯಲ್ಲೇ ಕಟ್ಟಿದ್ದು ಹೇಗೆ ಅನ್ನೋದು ಅವನ ಪ್ರಶ್ನೆ. ಅಲ್ಯೂಮಿನಿಯಂ ತಟ್ಟೆ ನಾಲ್ಕೇ ನಿಮಿಷದಲ್ಲಿ ತುಂಬಿಹೋಗುತ್ತಿತ್ತು. ಅವನೇನು ಮಾಡಿದ ಗೊತ್ತಾ? ಎರಡು ತಿರುಗುಮಣೆ ಇರುವ ಯಂತ್ರ ಮಾಡಿಸಿಕೊಂಡ! ಒಂದು ತುಂಬುತ್ತಿದ್ದ ಹಾಗೆ ಇನ್ನೊಂದು ಶುರು. ಹಾಡುಗಾರ ನಿಲ್ಲಿಸಬೇಕಾಗಿರಲಿಲ್ಲ. ಹೀಗೆ 3,500ಕ್ಕೂ ಹೆಚ್ಚು ತಟ್ಟೆ ತುಂಬಿಸಿದ. ಅವ್ದೊ ಮೆಜೆದೊವಿಚ್ ಎಂಬ ಹಾಡುಗಾರ ಹೇಳಿದ 12,000 ಸಾಲು ಮೀರಿದ ಒಂದು ಕಾವ್ಯವನ್ನು ಪ್ಯಾರಿಯ ತಂಡ ಬರೆದುಕೊಂಡಿತು. ಎಂಜಿನಿಯರಾಗಿ ನನಗೆ ಆ ಎರಡು ತಿರುಗುಮಣೆ ಬಲು ಇಷ್ಟ. ಅವನು ಹಾಡನ್ನು ಯಂತ್ರಕ್ಕೆ ಸರಿಯಾಗಿ ಕತ್ತರಿಸಲಿಲ್ಲ, ಯಂತ್ರವನ್ನೇ ಹಾಡಿಗೆ ಸರಿಯಾಗಿ ಮಾಡಿಸಿದ.

ಈಗ ನಮ್ಮ ಕಡೆಗೆ ಬರೋಣ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಅಂಗೈಯಷ್ಟು ಡಬ್ಬಿ, ಸೆಲ್ ಹಾಕಿದರೆ ಕರೆಂಟ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತೆ. ಜಾನಪದ ಸಂಗ್ರಹ ಮಾಡುವವರಿಗೆ ಇದು ವರವೇ ಆಯ್ತು. ಜೀ.ಶಂ. ಪರಮಶಿವಯ್ಯ ಮುಂತಾದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ಬುನಾದಿ ಹಾಕಿದರು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ ಪ್ರಕಟಿಸಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1997ರಲ್ಲಿ ಎರಡೂ ಕಾವ್ಯ ದಪ್ಪ ಪುಸ್ತಕಗಳಾಗಿ ಬಂದವು. ಮಾದೇಶ್ವರ ಕಾವ್ಯ ಕೆ. ಕೇಶವನ್ ಪ್ರಸಾದ್ ಅವರಿಂದ, ಮಂಟೇಸ್ವಾಮಿ ಕಾವ್ಯ ಹಿ.ಚಿ. ಬೋರಲಿಂಗಯ್ಯ ಅವರಿಂದ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದೂ ಅದೇ 1997ರಲ್ಲಿ! ನಾನು ಹುಟ್ಟಿದ್ದೂ ಹೆಚ್ಚು ಕಮ್ಮಿ ಆಗಲೇ :-)

ಕೇಶವನ್ ಪ್ರಸಾದ್ ಅವರ ಪುಸ್ತಕ ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ್ದು. ಅದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲೂ ಬಂತು. ಈ ಪುಸ್ತಕಗಳು ಇಲ್ಲದಿದ್ದರೆ ನನ್ನಂಥ ಬೆಂಗಳೂರು ಸೇರಿದವನಿಗೆ ಕತೆಯ ಪೂರ್ತಿ ಹರವೇ ತಿಳಿಯುತ್ತಿರಲಿಲ್ಲ. ಆದರೆ ಓದುವಾಗ ಒಂದು ಕೊರಗು. ಪುಸ್ತಕದಲ್ಲಿ ಹೆಬ್ಬಣಿ ಮಾದಯ್ಯನವರ ಮಾತಿದೆ, ದನಿ ಇಲ್ಲ. ಹಿಮ್ಮೇಳದವರು ಯಾವಾಗ ಏರಿದರು, ಎಲ್ಲಿ ಹಾಡು ಬಿಟ್ಟು ಮಾತಿಗಿಳಿದರು, ಕೂತವರು ಎಲ್ಲಿ ನಕ್ಕರು... ಅಚ್ಚಿನ ಮೊಳೆಗೆ ಅದು ಸಿಗಲ್ಲ.

ಕ್ಯಾಸೆಟ್ಟಿಗೂ ತನ್ನದೇ ಆದ ಕತ್ತರಿ ಇತ್ತು. 90 ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಪಕ್ಕಕ್ಕೆ 45 ನಿಮಿಷ. ಎಂಟು ಗಂಟೆಗೆ ಆರು ಕ್ಯಾಸೆಟ್, ಹತ್ತು ಸಲ ‘ಟಕ್’. ಪ್ರತಿ ಟಕ್‌ಗೂ ಒಂದೋ ಹಾಡು ನಿಲ್ಲಬೇಕು, ಇಲ್ಲಾ ಒಂದೆರಡು ಸಾಲು ಹೋಗಬೇಕು. ಹಾಡುಗಾರ ಒಮ್ಮೆ ನಿಂತ ಮೇಲೆ ಅದೇ ಆವೇಶಕ್ಕೆ ಮರಳೋದು ಸುಲಭವಲ್ಲ. ಇನ್ನೊಂದು ಅಪಾಯ ನಮ್ಮ ಅಟ್ಟದಲ್ಲೇ ಇತ್ತಲ್ಲ, ಅಳಿಸಿ ಮತ್ತೆ ತುಂಬಬಹುದು ಅನ್ನೋ ಅನುಕೂಲ.

ನಮ್ಮ ರಾಜ್ಯದಲ್ಲೇ ಇನ್ನೊಂದು ಕೆಲಸ ನಡೆಯಿತು. 1990ರ ಡಿಸೆಂಬರಿನಲ್ಲಿ ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡ ಅದನ್ನು ಧ್ವನಿಯಲ್ಲೂ ವಿಡಿಯೋದಲ್ಲೂ ಹಿಡಿಯಿತು. 1998ರಲ್ಲಿ ಪ್ರಕಟವಾದಾಗ 15,683 ಸಾಲು. ತಂಡ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಆದರೆ ಒಂದೊಂದು ಹಳ್ಳಿಯ ಒಬ್ಬೊಬ್ಬ ನೀಲಗಾರರಿಗೂ ಅಂಥ ತಂಡ ಎಲ್ಲಿಂದ ಬರಬೇಕು?

ಇಲ್ಲೇ ನೋಡಿ ಡಿಜಿಟಲ್ ರೆಕಾರ್ಡರ್ ಬರೋದು. 1987ರ ಡ್ಯಾಟ್, 1992ರ ಮಿನಿಡಿಸ್ಕ್ ಎರಡರಲ್ಲೂ ಇನ್ನೂ ಸುತ್ತುವ ಭಾಗಗಳಿದ್ದವು. ಮೆಮೊರಿ ಕಾರ್ಡಿಗೇ ನೇರ ಬರೆಯುವ, ಮೈಕು ಸೇರಿಸಿಯೇ ಇರುವ ಅಂಗೈ ರೆಕಾರ್ಡರುಗಳು ಬಳಕೆಗೆ ಬಂದದ್ದು 2006ರ ಎಡಿರೋಲ್ ಆರ್-09, ಝೂಮ್ ಎಚ್4, 2007ರ ಝೂಮ್ ಎಚ್2 ಕಾಲಕ್ಕೆ. ಒಬ್ಬನೇ ಮನುಷ್ಯ ಜೇಬಲ್ಲಿಟ್ಟುಕೊಂಡು ಬಸ್ಸಲ್ಲಿ ಹೋಗಿ ಇಡೀ ರಾತ್ರಿ ಹಿಡಿಯಬಹುದು ಅನ್ನೋ ಸ್ಥಿತಿ ಬಂದದ್ದು ಆಗಲೇ.

ಆದರೂ ನಾನು ಮೊದಲ ಸಲ ಹೋದದ್ದು ಬರೀ ಫೋನ್ ಹಿಡಿದುಕೊಂಡು. ಕ್ಯಾಸೆಟ್ಟಿನಲ್ಲಿ ಹಾಡಿದವರ ಶಿಷ್ಯರೊಬ್ಬರು ಪಕ್ಕದ ಹಳ್ಳಿಯಲ್ಲಿದ್ದಾರೆ, ಈಗ ಎಪ್ಪತ್ತು ದಾಟಿದೆ. ಹಿಮ್ಮೇಳಕ್ಕೆ ಅವರ ಭಾವಮೈದ. ಎರಡು ಗಂಟೆ ಹಾಡಿದರು. ಬೆಂಗಳೂರಿಗೆ ಬಂದು ಕೇಳಿದರೆ ತಂಬೂರಿಯೇ ಇಲ್ಲ! ಒಂದೇ ಸಮನೆ ಬರುವ ಸದ್ದನ್ನೆಲ್ಲ ಆ ಆ್ಯಪ್ ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕುತ್ತೆ. ತಂಬೂರಿಯ ಶ್ರುತಿ ಒಂದೇ ಸಮನೆ ಬರೋದಲ್ಲವೇ? ಹಿಮ್ಮೇಳದ ದನಿಯೂ ನೀರೊಳಗಿಂದ ಬಂದ ಹಾಗೆ. ಮುಂದಿನ ತಿಂಗಳು ಸರಿಯಾದ ರೆಕಾರ್ಡರ್ ತಂದು ಮಾಡೋಣ ಅಂದುಕೊಂಡೆ. ಆಫೀಸಿನ ಕೆಲಸ, ರಿಲೀಸು... ನಾಲ್ಕು ತಿಂಗಳಾಯ್ತು. ಅಷ್ಟರಲ್ಲಿ ಹಿಮ್ಮೇಳದ ಆ ಹಿರಿಯರು ತೀರಿಕೊಂಡರು. ಅವರ ದನಿ ಇರೋದು ಆ ಕೆಟ್ಟ ಫೈಲಿನಲ್ಲಿ ಮಾತ್ರ. ಈ ತಪ್ಪು ಪೂರ್ತಿ ನನ್ನದೇ. ಚಿಕ್ಕಪ್ಪನ ಮೇಲಿದ್ದ ಕೋಪ ಅವತ್ತು ಇಳಿಯಿತು.

ಹಾಗಾಗಿ, ನಿಮ್ಮೂರಿನಲ್ಲೂ ಇಂಥವರಿದ್ದರೆ ನಾನು ಕಲಿತದ್ದನ್ನು ಹೇಳಿಬಿಡ್ತೀನಿ. ದುಬಾರಿ ಯಂತ್ರ ಬೇಕಿಲ್ಲ. ಎರಡು ಒಳ್ಳೆಯ ಮೈಕು, ಮಟ್ಟವನ್ನು ಕೈಯಲ್ಲೇ ಹೊಂದಿಸುವ ಸೌಲಭ್ಯ, ಇಯರ್‌ಫೋನ್ ತೂತು, ಇಷ್ಟಿದ್ದರೆ ಸಾಕು. ‘ಆಟೋ ಲೆವೆಲ್’ ಆರಿಸಿ. ಇಲ್ಲದಿದ್ದರೆ ಹಾಡುಗಾರ ಸುಮ್ಮನಾದಾಗ ಯಂತ್ರ ಹೊರಗಿನ ನಾಯಿಯ ಬೊಗಳನ್ನು ದೊಡ್ಡದು ಮಾಡುತ್ತೆ. ಅತಿ ಜೋರಿನ ಏಟೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಕಂಸಾಳೆ ಇದ್ದರಂತೂ ಇನ್ನೂ ಜೋಪಾನ. ಈಚೆಗೆ ಬಂದಿರುವ 32 ಬಿಟ್ ಫ್ಲೋಟ್ ರೆಕಾರ್ಡರುಗಳಲ್ಲಿ ಮಟ್ಟ ತಪ್ಪಿದರೂ ಆಮೇಲೆ ಸರಿಮಾಡಬಹುದು, ಆದರೆ ಮೈಕೇ ತಡೆಯದಷ್ಟು ಜೋರಾದರೆ ಅದೂ ಕೈಲಾಗದು. ಬಯಲಲ್ಲಿ ಮೈಕಿಗೆ ತುಪ್ಪಳದ ಟೋಪಿ ಬೇಕೇ ಬೇಕು, ಗಾಳಿಯ ಗುರುಗುಟ್ಟುವಿಕೆಯನ್ನು ಆಮೇಲೆ ತೆಗೆಯೋಕಾಗಲ್ಲ.

ಎಂಪಿ3 ಬೇಡ, ವೇವ್ ಫೈಲೇ ಇರಲಿ. 24 ಬಿಟ್, 48 ಕಿಲೋಹರ್ಟ್ಸ್, ಎರಡು ಚಾನೆಲ್ ಅಂದ್ರೆ ಗಂಟೆಗೆ ಸುಮಾರು 1 ಜಿಬಿ. ಎಂಟು ಗಂಟೆಗೆ 8.3 ಜಿಬಿ. 16 ಜಿಬಿಯ ಒಂದು ಕಾರ್ಡಿನಲ್ಲಿ ಇಡೀ ರಾತ್ರಿ ಹಿಡಿಸುತ್ತೆ! ಶುರುವಿನಲ್ಲೇ ತಾರೀಕು, ಊರು, ಹಾಡುವವರ ಹೆಸರನ್ನು ಬಾಯಲ್ಲೇ ಹೇಳಿಬಿಡಿ (ಗೌಹರ್ ಜಾನ್ ಕೊನೆಯಲ್ಲಿ ಹೇಳುತ್ತಿದ್ದರು, ನಾವು ಮೊದಲಲ್ಲಿ). ಎಲ್ಲಕ್ಕಿಂತ ಮೊದಲು ಹಾಡುವವರ ಒಪ್ಪಿಗೆ ಕೇಳಿ. ಆಮೇಲೆ ಕನಿಷ್ಠ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ, ಒಂದು ಹಾಡಿದವರ ಮನೆಯಲ್ಲೇ ಇರಲಿ.

ಈ ಕೊನೆಯದು ಸಣ್ಣ ಮಾತಲ್ಲ. ಆರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1938ರಲ್ಲಿ ದಕ್ಷಿಣ ಭಾರತದಲ್ಲಿ ಹಾಡುಗಳನ್ನು ರೆಕಾರ್ಡ್ ಮಾಡಿದ್ದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವನ ಜಾಡು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಕ್ಕೆ ಬಂದು, ಏನು ಉಳಿದಿದೆ ಏನು ಬದಲಾಗಿದೆ ಅಂತ ನೋಡಿದರು. ನಡುವೆ 46 ವರ್ಷ! ನಾವು ಮರುದಿನವೇ ಒಂದು ಪೆನ್‌ಡ್ರೈವ್ ಕೊಟ್ಟು ಬರಬಹುದು.

ಹೊಸ ರೆಕಾರ್ಡರ್ ಹಿಡಿದುಕೊಂಡು ನಾನು ಮತ್ತೆ ಹೋದೆ. ತಾತ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಎಷ್ಟೊತ್ತು ಕೇಳ್ತದ ಮೊಗಾ ಇದು? ಆಗ್ಲೆಲ್ಲ ಟೇಪ್ನವ್ರು ಬಂದು ಅರ್ಧಕ್ಕೇ ನಿಲ್ಸಿ ಅನ್ನೋರು” ಅಂದರು.

“ಬೆಳಗಾಗಗಂಟ ಕೇಳ್ತದ ತಾತ, ನೀವು ಹಾಡಿ” ಅಂದೆ.

ರಾತ್ರಿ ಒಂಬತ್ತೂವರೆಗೆ ಶುರು ಮಾಡಿದರು. ಹಿಮ್ಮೇಳಕ್ಕೆ ಈಗ ಅವರ ಮೊಮ್ಮಗ. ಒಂದು ಗಂಟೆ ಸುಮಾರಿಗೆ ಸಿದ್ದಪ್ಪಾಜಿ ಹಲಗೂರಿಗೆ ಬಂದ, ಪಾಂಚಾಳರ ಮುಂದೆ ನಿಂತ. ಅಲ್ಲಿ ನನ್ನ ಎದೆ ಡವಗುಟ್ಟಿತು, ನಿಜ ಹೇಳಬೇಕಂದ್ರೆ ‘ಟಕ್’ ಅನ್ನುತ್ತೇನೋ ಅಂತ ಕಾದೆ. ಅನ್ನಲಿಲ್ಲ. ಕತೆ ಮುಂದಕ್ಕೆ ಹೋಯ್ತು. ಫೈಲಿನ ಕೊನೆಯಲ್ಲಿ ಕೋಳಿ ಕೂಗಿದ್ದೂ ಇದೆ, ಅದನ್ನು ಕತ್ತರಿಸಿಲ್ಲ.