ನೀರಿನ ಕಟ್ಟಳೆ: ಮಾಕಳಿಯ ಕೆರೆಸಾಲೂ ಹವಾಯಿಯ ದ್ವೀಪಗಳೂ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಸಾಗುವವರಿಗೆ ಮಾಕಳಿಯು ಈಗ ಒಂದು ಊರೆಂದು ತೋರುವುದಕ್ಕಿಂತ ಹೆಚ್ಚಾಗಿ ಉಗ್ರಾಣಗಳ ಮತ್ತು ಲಾರಿಗಳ ಒಂದು ನಿಲುಗಡೆಯೆಂದೇ ತೋರುವುದು. ದೊಡ್ಡಬಳ್ಳಾಪುರದ ಸೀಮೆಯ ಮಾಕಳಿದುರ್ಗವೇ ಇದೆಂದು ಭ್ರಮಿಸುವವರೂ ಉಂಟು. ಅದು ಬೇರೆ, ಇದು ಬೇರೆ. ಈ ಮಾಕಳಿಯ ಮಳೆನೀರು ಕಡೆಗೆ ಸೇರುವುದು ಅರ್ಕಾವತಿಯನ್ನು.

ಕೆಲವು ತಿಂಗಳುಗಳ ಕೆಳಗೆ ನನ್ನ ಹಳೆಯ ಶಿಷ್ಯನೊಬ್ಬನು, ಈಗ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿರುವವನು, ನನ್ನನ್ನು ಈ ಸೀಮೆಯ ಒಂದು ಕೆರೆಯ ಏರಿಯ ಮೇಲಕ್ಕೆ ಕರೆದೊಯ್ದನು. ಹೂಳನ್ನು ಎತ್ತಿದ್ದರು, ಸುತ್ತಲೂ ತಂತಿಬೇಲಿಯನ್ನು ಹಾಕಿದ್ದರು, ನಡೆದಾಡುವವರಿಗೆ ಕಲ್ಲುಹಾಸಿನ ದಾರಿಯೂ ಆಗಿದ್ದಿತು. “ಮೇಷ್ಟ್ರೇ, ಎಲ್ಲವೂ ಆಯಿತು. ತೂಬನ್ನು ಎತ್ತುವವರು ಯಾರು?” ಎಂದು ಅವನು ಕೇಳಿದನು. ತೂಬು ಎಲ್ಲಿದೆಯೆಂಬುದನ್ನೇ ಅಲ್ಲಿದ್ದವರಲ್ಲಿ ಯಾರೂ ಹೇಳಲಾರದೆ ಹೋದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ದಿಣ್ಣೆಯ ನಾಡು. ಬಾರಿಬಾರಿಗೂ ತುಂಬಿ ಹರಿಯುವ ಮಹಾನದಿ ಇಲ್ಲಿಲ್ಲ. ನಂದಿಯ ಬೆಟ್ಟಗಳಲ್ಲಿ ಹುಟ್ಟಿ ಹೆಸರಘಟ್ಟದ ಮಾರ್ಗವಾಗಿ ಬರುವ ಅರ್ಕಾವತಿ, ಶಿವಗಂಗೆಯ ಕಡೆಯಿಂದ ಬಂದು ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಕೂಡುವ ಕುಮುದ್ವತಿ, ಇವೆರಡೂ ಮಳೆಯನ್ನೇ ನಂಬಿದ ಹೊಳೆಗಳು. ಆಕಾಶವು ಕೊಟ್ಟಷ್ಟೇ ನಮ್ಮ ಐಶ್ವರ್ಯ; ಅದರಾಚೆಗೆ ಕೈಚಾಚಿದರೆ ಸಿಕ್ಕುವುದು ಇನ್ನೊಂದೂರಿನ ಪಾಲು. ಈ ಅರ್ಥದಲ್ಲಿ ನಮ್ಮ ಪೂರ್ವಿಕರು ಕಡಲನ್ನು ಕಾಣದಿದ್ದರೂ ದ್ವೀಪವಾಸಿಗಳೇ ಆಗಿದ್ದರೆಂದು ಹೇಳಿದರೆ ತಪ್ಪಾಗದು.

ಅವರು ಕಂಡುಕೊಂಡ ಉಪಾಯವು ಕೆರೆಯ ಸಾಲು. ಮೇಲಣ ಕೆರೆಯು ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯನ್ನು ಹಿಡಿದು ಕೆಳಗಣ ಕೆರೆಗೆ ಇಳಿಯುವುದು. ಮೇಲಿನ ಗದ್ದೆಯಲ್ಲಿ ಬಸಿದುದು ಕೆಳಗಿನ ಊರಿನ ಬಾವಿಯಲ್ಲಿ ಊಟೆಯಾಗುವುದು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯು 1866ರಲ್ಲಿ ಈ ನಾಡನ್ನು ಪರಿಶೀಲಿಸಿ, ಇಲ್ಲಿ ಹೊಸ ಕೆರೆಯೊಂದಕ್ಕೆ ಸ್ಥಳವನ್ನು ಹುಡುಕುವುದೇ ದುಸ್ತರವೆಂದೂ, ಸಂಸ್ಥಾನದ ನೆಲದಲ್ಲಿ ಶೇಕಡ 60ರಷ್ಟು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ ಬರೆದನು.

ಕೆರೆಯನ್ನು ಕಟ್ಟುವ ಶಾಸ್ತ್ರವು ನಮ್ಮಲ್ಲಿ ಎಷ್ಟು ಬೆಳೆದಿದ್ದಿತೆಂಬುದಕ್ಕೆ ಕಡಪೆಯ ಸೀಮೆಯ ಪೋರುಮಾಮಿಳ್ಳದ ಸಂಸ್ಕೃತ ಶಾಸನವು ಸಾಕ್ಷಿಯಾಗಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಈ ಶಾಸನವು ಕ್ರಿ. ಶ. 1369ಕ್ಕೆ ಸೇರಿದುದು. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ, ಕೆರೆಯನ್ನು ಕೆಡಿಸುವ 6 ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ದಿಬ್ಬ, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು, ಇವು ಐದು ದೋಷಗಳು. ಉಳಿದೊಂದು ದೋಷವನ್ನು ವಾಚಕಮಹಾಶಯರು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇನೆ: ಕೆರೆಯು ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು. ಮಣ್ಣಿನ ಮತ್ತು ಕಲ್ಲಿನ ಗುಣದೋಷಗಳ ನಡುವೆ ಶಾಸನಕಾರನು ಇದನ್ನೂ ಸೇರಿಸಿದನಷ್ಟೆ. ಇಬ್ಬರು ಒಡೆಯರಿರುವ ಕೆರೆಗೆ ಹೊಣೆಗಾರನು ಒಬ್ಬನೂ ಇರಲಾರನೆಂಬುದನ್ನು ಆತನು ಬಲ್ಲವನಾಗಿದ್ದನು.

ಹೊಣೆಗಾರಿಕೆಯ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಜಾಗರೂಕರಾಗಿದ್ದರು. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ. ಬಿತ್ತುವಟ್ಟವೆಂಬುದು ಕೆರೆಯ ಸಲುವಾಗಿ ಬಿಟ್ಟ ದತ್ತಿ. ದಿನದಿನದ ಕೆಲಸಕ್ಕೆ ನೀರುಗಂಟಿಯಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ನೀರು ಕಡಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಭಾಗವನ್ನು ನಾಟಿಮಾಡದೆ ಬಿಡಬೇಕು, ಇರುಳು ಮಳೆಯಲ್ಲಿ ಏರಿಯ ಯಾವ ಕಡೆ ಬಿರುಕು ಬಿಡಬಹುದು, ಇದೆಲ್ಲವೂ ಅವನಿಗೆ ಕರತಲಾಮಲಕವಾಗಿದ್ದಿತು. ಅವನಿಗೆ ಸಂಬಳವು ಕಣದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದಿತು. ಬೆಳೆ ಬಂದರೆ ಅವನಿಗೂ ಬಂದಿತು. ಒಣಗಿದರೆ ಅವನ ಮೊರವೂ ಬರಿದು. ನಾನು ಬಾಲಕನಾಗಿದ್ದಾಗ ನಮ್ಮೂರಿನ ವೃದ್ಧ ನೀರುಗಂಟಿಯನ್ನು ಕಂಡಿದ್ದೇನೆ. ಆ ವೇಳೆಗೆ ಅವನ ಅಧಿಕಾರವು ಕಾಗದದಲ್ಲಿ ಹೋಗಿದ್ದಿತು. ಆದರೂ ಮುಂಗಾರು ಹಿಡಿದರೆ ಗುದ್ದಲಿಯನ್ನು ಹೆಗಲಿಗೇರಿಸಿ ಏರಿಯ ಮೇಲೆ ನಡೆಯುತ್ತಿದ್ದನು. ಹಿಡುವಳಿದಾರರು ಅವನನ್ನು ಕೇಳದೆ ಬದುವನ್ನು ಕಡಿಯುತ್ತಿರಲಿಲ್ಲ.

ಈಗ ವಾಚಕರು ನನ್ನೊಡನೆ ಶಾಂತಮಹಾಸಾಗರದ ನಡುವೆ ಇರುವ ಹವಾಯಿ ದ್ವೀಪಗಳಿಗೆ ಬರಬೇಕು. ಅಷ್ಟು ದೂರವೇಕೆಂದರೆ, ಸುತ್ತಲೂ ಉಪ್ಪುನೀರೇ ಇರುವಲ್ಲಿ ಸಿಹಿನೀರಿನ ಧರ್ಮವು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ನಮ್ಮಲ್ಲಿ ಮಸುಕಾದುದನ್ನು ಅಲ್ಲಿ ಓದಬಹುದು. ಅಲ್ಲಿಯ ಜನರು ನೆಲವನ್ನು ಬೆಟ್ಟದ ನೆತ್ತಿಯಿಂದ ಕಡಲಿನ ದಂಡೆಯವರೆಗೆ ಇಳಿಯುವ ಪಟ್ಟಿಗಳಾಗಿ ವಿಭಾಗಿಸಿಕೊಂಡಿದ್ದರು. ಇಂಥ ಪಟ್ಟಿಗೆ ‘ಅಹುಪುವಅ’ ಎಂದು ಹೆಸರು. ಮೇಲೆ ಕಾಡು, ನಡುವೆ ಗದ್ದೆ, ಕೆಳಗೆ ಮೀನಿನ ಕೊಳ. ಸಾಮಾನ್ಯವಾಗಿ ಒಂದೇ ತೊರೆಯು ಮೂರನ್ನೂ ಪೋಷಿಸುತ್ತಿದ್ದಿತು. ‘ಕೊನೊಹಿಕಿ’ ಎಂಬ ಅಧಿಕಾರಿಯು ಕಾಲುವೆಗಳನ್ನೂ ಮೀನುಗಾರಿಕೆಯ ನಿಷೇಧಕಾಲಗಳನ್ನೂ ನೋಡಿಕೊಳ್ಳುತ್ತಿದ್ದನು. ಕಾಲುವೆಯನ್ನು ತೋಡುವುದಕ್ಕೆ ಯಾರು ಎಷ್ಟು ಆಳುಗಳನ್ನು ಕೊಟ್ಟರೋ ಅದಕ್ಕೆ ತಕ್ಕಂತೆ ನೀರಿನ ಪಾಳಿ. ಕಾಲುವೆಯ ಹೂಳೆತ್ತಲು ಬಾರದವನಿಗೆ ನೀರಿನ ಹಕ್ಕು ತಪ್ಪುತ್ತಿದ್ದಿತು. ಆ ಭಾಷೆಯಲ್ಲಿ ‘ವೈ’ ಎಂದರೆ ನೀರು, ‘ವೈವೈ’ ಎಂದರೆ ಸಂಪತ್ತು, ‘ಕಾನಾವೈ’ ಎಂದರೆ ಕಟ್ಟಳೆ. ಈ ಕಡೆಯ ಶಬ್ದವೂ ನೀರಿನ ಹಂಚಿಕೆಯಿಂದಲೇ ಹುಟ್ಟಿತೆಂದು ಅಲ್ಲಿಯ ವಿದ್ವಾಂಸರು ಹೇಳುತ್ತಾರೆ.

ಅವರ ಮುಖ್ಯ ಆಹಾರವು ನಮಗೆ ಅಪರಿಚಿತವಾದುದಲ್ಲ. ಮಲೆನಾಡಿನವರು ಪತ್ರೊಡೆಗೆ ಎಲೆಯನ್ನು ಕೊಯ್ಯುವ ಕೆಸುವೇ ಅದು. ಆಕಾಶಪಿತನಿಗೆ ಹುಟ್ಟಿದ ಮೊದಲ ಶಿಶುವು ಮೃತವಾಗಿ, ಹೂಳಿದ ಸ್ಥಳದಲ್ಲಿ ಕೆಸುವಾಗಿ ಚಿಗುರಿತೆಂದೂ, ಎರಡನೆಯ ಶಿಶುವೇ ಮನುಷ್ಯಕುಲದ ಮೂಲಪುರುಷನಾದನೆಂದೂ ಅವರ ಪುರಾಣವು ಹೇಳುತ್ತದೆ. ಆದುದರಿಂದ ಕೆಸುವು ಅಣ್ಣ, ಮನುಷ್ಯನು ತಮ್ಮ. ಕುಟುಂಬಕ್ಕೆ ಅವರಾಡುವ ಮಾತು ಕೂಡ ಕೆಸುವಿನ ಮರಿಗೆಡ್ಡೆಯ ಹೆಸರಿನಿಂದ ಬಂದುದೇ. ಸಂಸ್ಕೃತದಲ್ಲಿ ಕಂದವೆಂದರೆ ಗೆಡ್ಡೆ, ಕನ್ನಡದಲ್ಲಿ ಕಂದನೆಂದರೆ ಮಗು. ಮೂಲಗಳು ಬೇರೆಯಾದರೂ ಈ ಧ್ವನಿಸಾಮ್ಯವು ನನ್ನಂಥ ಹಳೆಯ ಪಾಠಶಾಲೆಯವನಿಗೆ ಸಂತೋಷವನ್ನುಂಟುಮಾಡುತ್ತದೆ. ನಮ್ಮವರಂತೂ ಕೆರೆಯನ್ನೇ ಸಂತಾನವೆಂದು ಕರೆದರು. ಸಪ್ತಸಂತಾನಗಳಲ್ಲಿ ಮಗನೊಡನೆ ತಟಾಕವೂ ಎಣಿಕೆಯಾಗಿದೆ. ಅವರಿಗೆ ಬೆಳೆಯು ಅಣ್ಣ, ನಮಗೆ ಕೆರೆಯು ಮಗು. ಭಾವವು ಒಂದೇ: ಬಂಧುವನ್ನು ಯಾರೂ ಮಾರಲಾರರು.

ಎರಡು ಕಡೆಯೂ ಈ ಬಂಧವು ಹೇಗೆ ಕಳಚಿತೆಂಬುದನ್ನು ನೋಡೋಣ. ಹವಾಯಿಯಲ್ಲಿ 1848ರ ಭೂವಿಭಾಗವು ನೆಲವನ್ನು ಖಾಸಗಿ ಸ್ವತ್ತಾಗಿ ಮಾಡಿತು. ಬಳಿಕ ಕಬ್ಬಿನ ತೋಟಗಳು ಹಬ್ಬಿದವು. 1916ರಲ್ಲಿ ಪೂರ್ಣವಾದ ವೈಆಹೊಲೆ ಕಾಲುವೆಯು ಓಆಹು ದ್ವೀಪದ ಬೆಟ್ಟವನ್ನು ಸುರಂಗದಿಂದ ಕೊರೆದು, ಮಳೆಯ ಮಗ್ಗುಲಿನ ನೀರನ್ನು ಒಣಮಗ್ಗುಲಿನ ಕಬ್ಬಿಗೆ ಒಯ್ದಿತು. ಕೆಸುವಿನ ಗದ್ದೆಗಳ ತೊರೆಗಳು ಬಡವಾದವು. ನಮ್ಮಲ್ಲಿಯೂ ಕಣಿವೆಯ ನೀರು ದಿಣ್ಣೆಯನ್ನು ದಾಟಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಯೋಜನೆಯಿಂದ ಅರ್ಕಾವತಿಯು ಬೆಂಗಳೂರಿನ ನಲ್ಲಿಗೆ ಏರಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಆಯಿತು. ನಗರದ ಜನರಿಗೆ ಕುಡಿಯುವ ನೀರು ಬೇಕಾಗಿದ್ದಿತು. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಮೇಲಣ ಕೆರೆಸಾಲನ್ನು ಕಾಯುವ ಹೊಣೆಯು ನೀರನ್ನು ಕುಡಿಯುವವರೊಡನೆ ದಿಣ್ಣೆಯನ್ನು ದಾಟಲಿಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾನೂನಿನಿಂದ ನೀರುಗಂಟಿಯ ಪದವಿಯು ಕೊನೆಗೊಂಡಿತು. ಕೊಳವೆಬಾವಿಗಳು ಬಂದಮೇಲೆ ಪ್ರತಿಯೊಬ್ಬ ಹಿಡುವಳಿದಾರನಿಗೂ ತನ್ನದೇ ಒಂದು ತೂಬಾಯಿತು. ನೆರೆಯವನ ಸರದಿಗೆ ಕಾಯಬೇಕಾದ ಅಗತ್ಯವು ತಪ್ಪಿತು. ನೀರ್ಹರಿವಿನ ನೆಲದಲ್ಲಿ ನೀಲಗಿರಿಯ ತೋಪುಗಳು ಎದ್ದವು. ಕಾಲುವೆಗಳ ಮೇಲೆ ನಿವೇಶನಗಳಾದವು. ಬೆಂಗಳೂರು 1974ರಿಂದ ಕಾವೇರಿಯ ಕಡೆಗೆ ಮುಖವನ್ನು ತಿರುಗಿಸಿತು.

ಹಳೆಯದೆಲ್ಲವೂ ಕೃತಯುಗವೆಂದು ಹೇಳುವುದು ನನ್ನ ಉದ್ದೇಶವಲ್ಲ. ನೀರುಗಂಟಿಯ ಕೆಲಸವು ವಂಶಪಾರಂಪರ್ಯವಾಗಿದ್ದಿತು. ಅನೇಕ ಊರುಗಳಲ್ಲಿ ಅದು ಊರಿನ ಹೊರಗೆ ವಾಸಿಸಬೇಕಾಗಿದ್ದವರ ಪಾಲಿನದಾಗಿದ್ದಿತು. ಊರಿಗೆಲ್ಲ ನೀರನ್ನು ಹಂಚಿದವನು ಊರಬಾವಿಯಲ್ಲಿ ತನ್ನ ಕೊಡವನ್ನು ಇಳಿಸುವಂತಿರಲಿಲ್ಲ. ಹವಾಯಿಯಲ್ಲಿಯೂ ಸಾಮಾನ್ಯರು ಒಡೆಯರಿಗೆ ದುಡಿಮೆಯನ್ನು ಸಲ್ಲಿಸಬೇಕಾಗಿದ್ದಿತು. ನಿಷೇಧಗಳನ್ನು ಮೀರಿದವರಿಗೆ ಕಠಿನ ಶಿಕ್ಷೆಯಿದ್ದಿತು. 1961ರ ಕಾನೂನು ಮುರಿದ ಸಂಕೋಲೆಯು ಮುರಿಯತಕ್ಕುದೇ ಆಗಿದ್ದಿತು. ಆದರೆ ಸಂಕೋಲೆಯೊಡನೆ ಬೀಗದ ಕೈಯನ್ನೂ ಎಸೆದುಬಿಟ್ಟೆವು. ಜಾತಿಯನ್ನು ಕಳೆದು ಕಾಯಕವನ್ನು ಉಳಿಸಿಕೊಳ್ಳುವ ಮಾರ್ಗವನ್ನು ನಾವು ಯೋಚಿಸಲಿಲ್ಲ.

ಹವಾಯಿಯವರು ಅದನ್ನು ಯೋಚಿಸಿದರೆಂಬುದಕ್ಕೆ ಎರಡು ನಿದರ್ಶನಗಳಿವೆ. 1978ರಲ್ಲಿ ತಿದ್ದಿದ ಅಲ್ಲಿಯ ಸಂವಿಧಾನವು ನೀರನ್ನು ಜನರ ಸಲುವಾಗಿ ರಾಜ್ಯವು ಕಾಯಬೇಕಾದ ನಿಕ್ಷೇಪವೆಂದು ಸಾರಿತು. ವೈಆಹೊಲೆ ಕಾಲುವೆಯ ನೀರನ್ನು ಬಳಸುತ್ತಿದ್ದ ಸಕ್ಕರೆಯ ವ್ಯವಹಾರವು ನಿಂತಾಗ, ಕೆಸು ಬೆಳೆಯುವವರು ತಮ್ಮ ತೊರೆಗೆ ನೀರು ಮರಳಬೇಕೆಂದು ಕೇಳಿದರು. 2000ದಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಇದೇ ಧರ್ಮವನ್ನು ಎತ್ತಿಹಿಡಿಯಿತು. ಎರಡನೆಯದು ಹೇಏಯಾದ ಮೀನುಕೊಳ. 88 ಎಕರೆಗಳ ಈ ಕೊಳವು ಹಲವು ಶತಮಾನಗಳಷ್ಟು ಹಳೆಯದು. 1965ರ ನೆರೆಯಲ್ಲಿ ಅದರ ಗೋಡೆಯು ಒಡೆಯಿತು. 2001ರಿಂದ ಸ್ಥಳೀಯರ ಸಂಘವೊಂದು ಅದನ್ನು ವಹಿಸಿಕೊಂಡು, ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ, 2015ರಲ್ಲಿ ಆ ಬಿರುಕನ್ನು ಮುಚ್ಚಿತು. ಅಲ್ಲಿಗೆ ಕಲಿಯಲು ಬರುವ ಮಕ್ಕಳು ಗೋಡೆಗೆ ಕಲ್ಲನ್ನು ಹೊರುತ್ತಾರೆ. ಕಾಯುವ ಅಧಿಕಾರವು ಹುಟ್ಟಿನಿಂದ ಬರದೆ ದುಡಿಮೆಯಿಂದ ಬರುವಂತಾಯಿತು.

ನಮ್ಮಲ್ಲಿ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಮೈಸೂರು ಸರಕಾರವು 1911ರಲ್ಲಿಯೇ ಕೆರೆ ಪಂಚಾಯತಿಗಳಿಗಾಗಿ ರೆಗ್ಯುಲೇಷನ್ನನ್ನು ಹೊರಡಿಸಿತು. 2002ರಿಂದ ಕರ್ನಾಟಕದಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟುವ ಯೋಜನೆಯು ನಡೆಯಿತು. ಆದರೆ ಸಂಘದ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು. ಇರುಳು ಮಳೆಯಲ್ಲಿ ಏರಿಯ ಮೇಲೆ ನಡೆಯುವ ಕಾಲುಗಳು ಬೇಕು. ಆ ಕಾಲುಗಳಿಗೆ ದಾರಿಯೂ ಗೊತ್ತಿರಬೇಕು.

ಆ ದಾರಿಯನ್ನು ಬಲ್ಲವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ, ಬಹುಕಾಲ ಇರರು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತಿದ್ದಿತು, ತೂಬು ಎಲ್ಲಿದೆ, ಕಾಲುವೆಯು ಯಾರ ಹೊಲದ ಅಂಚಿನಲ್ಲಿ ಹಾದುಹೋಗುತ್ತಿದ್ದಿತು, ಬರದ ವರ್ಷದಲ್ಲಿ ಪಾಳಿಯು ಹೇಗೆ ಬದಲಾಗುತ್ತಿದ್ದಿತು, ಇವನ್ನು ಅವರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಸಂಘವು ಊರಿಗೊಬ್ಬರಂತೆ ವಹಿಸಿಕೊಳ್ಳಬೇಕೆಂದು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಯುವಕರು ಭಾನುವಾರದ ಒಂದು ಬೆಳಗನ್ನು ಇದಕ್ಕೆ ಕೊಡಬಲ್ಲರು. ನನ್ನ ಶಿಷ್ಯನು ಆಗಲೇ ಆರಂಭಿಸಿದ್ದಾನೆ. ಕಳೆದ ವಾರ ಅವನೂ ಒಬ್ಬ ವೃದ್ಧರೂ ಕೂಡಿ ಲಂಟಾನದ ಪೊದೆಯನ್ನು ಸವರಿ, ಮಣ್ಣಿನಲ್ಲಿ ಹುದುಗಿದ್ದ ತೂಬಿನ ಎರಡು ಕಲ್ಲುಕಂಬಗಳನ್ನು ಕಂಡುಹಿಡಿದರು. ಅದನ್ನು ಎತ್ತುವವರು ಯಾರೆಂಬ ಅವನ ಪ್ರಶ್ನೆಗೆ ಉತ್ತರವು ಇನ್ನೂ ದೊರೆತಿಲ್ಲ. ಎತ್ತಬೇಕಾದುದು ಎಲ್ಲಿದೆಯೆಂಬುದಾದರೂ ಈಗ ಇಬ್ಬರಿಗೆ ಗೊತ್ತು.