ವೈದ್ಯ ಸಂಗಣ್ಣನವರ ಕಲ್ಯಾಣದಲ್ಲಿ ಜಠರಾಗ್ನಿಯ ವಿಚಾರ

ಶರಣರ ಕಾಯಕಗಳನ್ನು ಎಣಿಸುವಾಗ ದೋಣಿ ನಡೆಸಿದ ಚೌಡಯ್ಯನವರು, ಹಗ್ಗ ಹೊಸೆದ ಚಂದಯ್ಯನವರು, ಬಟ್ಟೆ ಮಡಿಮಾಡಿದ ಮಾಚಯ್ಯನವರು ಮೊದಲು ನೆನಪಿಗೆ ಬರುತ್ತಾರೆ. ರೋಗಿಗಳ ಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರ ಹೆಸರು ಕೇಳಿಬರುವುದು ವಿರಳ. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ಸುಮಾರು ಇಪ್ಪತ್ತು ವಚನಗಳು ಉಪಲಬ್ಧವಾಗಿವೆ. ಅವುಗಳಲ್ಲಿ ರೋಗ, ಔಷಧ, ಚಿಕಿತ್ಸೆಗಳ ಪರಿಭಾಷೆಯೇ ಅನುಭಾವಕ್ಕೆ ವಾಹಕವಾಗಿದೆ. ಇದು ಬರಿಯ ರೂಪಕವೋ, ಅಂದಿನ ಕಲ್ಯಾಣದಲ್ಲಿ ಬೇರೂರಿದ್ದ ವೈದ್ಯಜ್ಞಾನದ ಪ್ರತಿಬಿಂಬವೋ ಎಂಬುದು ವಿಚಾರಾರ್ಹ.

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿ. ಆ ಚಕ್ರವರ್ತಿಯ ಮಗನಾದ ಮೂರನೆಯ ಸೋಮೇಶ್ವರನು ಕಲ್ಯಾಣದಿಂದ ಆಳುತ್ತ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. 100 ಅಧ್ಯಾಯಗಳ ಈ ವಿಶ್ವಕೋಶದಲ್ಲಿ ಅನ್ನಭೋಗಕ್ಕೆ ಪ್ರತ್ಯೇಕ ಸ್ಥಾನವಿದ್ದು, ಋತುವಿಗೆ ತಕ್ಕ ಆಹಾರದ ವಿವೇಚನೆಯೂ ಇದೆ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ಕನ್ನಡದಲ್ಲಿಯೇ ಬರೆದರು. ವೈದ್ಯವಿದ್ಯೆ ಸಂಸ್ಕೃತ ಪಂಡಿತರ ವಲಯವನ್ನು ದಾಟಿ ಜನಭಾಷೆಗೆ ಬಂದಿದ್ದ ಕಾಲವದು. ಸಂಗಣ್ಣನವರು ಬದುಕಿದ್ದುದು ಇಂತಹ ವಾತಾವರಣದಲ್ಲಿ.

ಆ ವಿದ್ಯೆಯ ತಿರುಳೇ ಜಠರಾಗ್ನಿಯ ವಿಚಾರ. ಅಗ್ನಿಯು ಸಮ, ವಿಷಮ, ತೀಕ್ಷ್ಣ, ಮಂದ ಎಂದು ನಾಲ್ಕು ಬಗೆ. ಅದು ಮಂದವಾದಲ್ಲಿ ಉಂಡ ಅನ್ನವು ಪಕ್ವವಾಗದೆ ಆಮವಾಗಿ ಉಳಿದು ರೋಗಗಳಿಗೆ ಮೂಲವಾಗುತ್ತದೆ ಎಂಬುದು ಆಯುರ್ವೇದದ ಸಿದ್ಧಾಂತ. ಅಜೀರ್ಣವೆಂಬ ಒಂದೇ ಹೆಸರಿನಡಿಯಲ್ಲಿ ಪ್ರಾಚೀನರು ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಮೈಭಾರ, ಓಕರಿಕೆ, ಉಂಡ ಅನ್ನದ ವಾಸನೆಯದೇ ತೇಗು ಇದ್ದರೆ ಅದು ಆಮಾಜೀರ್ಣ. ಅದಕ್ಕೆ ಲಂಘನ, ಅಂದರೆ ಉಪವಾಸ. ಹುಳಿತೇಗು, ಉರಿ, ಬಾಯಾರಿಕೆಗಳಿದ್ದರೆ ವಿದಗ್ಧಾಜೀರ್ಣ, ಅದಕ್ಕೆ ವಮನ. ಹೊಟ್ಟೆಯುಬ್ಬರ, ನೋವು, ಮಲಬದ್ಧತೆಗಳಿದ್ದರೆ ವಿಷ್ಟಬ್ಧಾಜೀರ್ಣ, ಅದಕ್ಕೆ ಸ್ವೇದನ. ತೇಗು ಶುದ್ಧವಾಗಿದ್ದೂ ಅನ್ನದಲ್ಲಿ ಅರುಚಿಯಿದ್ದರೆ ರಸಶೇಷಾಜೀರ್ಣ; ಅದಕ್ಕೆ ನಿದ್ರೆ. ನೋವು ಹೊಟ್ಟೆಯದೇ ಆದರೂ ಕಾರಣ ಬೇರೆಯಾದಾಗ ಮದ್ದೂ ಬೇರೆ. ನಿದಾನವನ್ನು ತಿಳಿಯದೆ ಚಿಕಿತ್ಸೆಗೆ ಕೈಹಾಕಲಾಗದು.

ಈ ಶಾಸ್ತ್ರದ ಒಂದಂಶ ಈ ಸೀಮೆಯ ಅಡುಗೆಮನೆಯನ್ನೂ ಹೊಕ್ಕಿದೆ. ಜೋಳದ ರೊಟ್ಟಿ, ತೊಗರಿಬೇಳೆಯ ಊಟವಾದ ಮೇಲೆ ಜೀರಿಗೆ, ಇಂಗು ಬೆರೆತ ಮಜ್ಜಿಗೆ ಕುಡಿಯುವ ರೂಢಿ ಪ್ರಸಿದ್ಧವೇ ಆಗಿದೆ. ಗ್ರಹಣಿರೋಗದಲ್ಲಿ ಮಜ್ಜಿಗೆಯನ್ನು ಚರಕಸಂಹಿತೆಯೂ ಶ್ಲಾಘಿಸುತ್ತದೆ. ಹೊಟ್ಟೆಯ ಅರ್ಧಭಾಗ ಅನ್ನಕ್ಕೆ, ಕಾಲುಭಾಗ ನೀರಿಗೆ, ಉಳಿದ ಕಾಲುಭಾಗ ವಾಯುಸಂಚಾರಕ್ಕೆ ಎಂಬುದು ವಾಗ್ಭಟನು ಹೇಳಿದ ಮಾತ್ರೆ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಪತಿಗೆ ತಿಳಿಸಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಆಸೆಯನ್ನು ಕುರಿತದ್ದು, ಪಚನವನ್ನು ಕುರಿತದ್ದಲ್ಲ. ಆದರೂ ಮಿತವನ್ನು ಮೀರಿದ್ದು ವ್ಯಾಧಿಯಾಗುತ್ತದೆಂಬ ಅರಿವು ವೈದ್ಯನಿಗೂ ಶರಣೆಗೂ ಸಮಾನವಾದುದು.

ಕೇಳುಗರಿಗೆ ರೋಗದ ನಿಜಸ್ವರೂಪ ಪರಿಚಿತವಾಗಿದ್ದರಲ್ಲದೆ ರೋಗದ ಉಪಮಾನ ಫಲಿಸದು. ಸಂಗಣ್ಣನವರು ಭವರೋಗದ ಮಾತಾಡಿದಾಗ ಅವರ ಬೆನ್ನಹಿಂದೆ ನಿಜವಾದ ರೋಗಿಗಳಿದ್ದರು. ಆದ್ದರಿಂದ ಅವರ ವಚನಗಳು ಅನುಭಾವ ಸಾಹಿತ್ಯವಾಗಿರುವಂತೆಯೇ ವೈದ್ಯಚರಿತ್ರೆಯ ಆಕರವೂ ಆಗಿವೆ.

ಮುಂದೆ ಬಹಮನಿ ಅರಸರ ಮತ್ತು ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಗೆ ಹಕೀಮರ ಯುನಾನಿ ಪದ್ಧತಿಯೂ ಬಂದಿತು. ಬಳಿಕ ಆಧುನಿಕ ವೈದ್ಯವು ಜಠರದೊಳಕ್ಕೇ ಇಣುಕುವ ಉಪಕರಣಗಳನ್ನು ಕಂಡುಹಿಡಿಯಿತು. ಚಿಂತೆ, ಖಾರ, ಆಮ್ಲಗಳೇ ಜಠರದ ಹುಣ್ಣಿಗೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಅನೇಕ ಹುಣ್ಣುಗಳಿಗೆ ಅದೇ ಕಾರಣವೆಂದು ಸಿದ್ಧವಾಗಿ, 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಕಾರಣ ತಿಳಿದ ಮೇಲೆ ಮದ್ದೂ ಬದಲಾಯಿತು.

ಹೀಗಿರುವಲ್ಲಿ ವಚನದ ಹೆಸರು ಹೇಳಿ ಆಸ್ಪತ್ರೆಯ ಪರೀಕ್ಷೆಯನ್ನು ದೂರವಿಡುವುದು ಸಂಗಣ್ಣನವರ ಕಾಯಕಕ್ಕೆ ಸಲ್ಲಿಸುವ ಗೌರವವಾಗಲಾರದು. ರಕ್ತಮಿಶ್ರಿತ ಮಲ, ನಿಲ್ಲದ ವಾಂತಿ, ಕಾರಣವಿಲ್ಲದೆ ಇಳಿಯುವ ದೇಹಭಾರ ಇವು ಮಜ್ಜಿಗೆಯಿಂದ ಶಮನವಾಗತಕ್ಕವಲ್ಲ. ಮೊದಲು ಕಾರಣವನ್ನರಿಯುವುದು, ಆಮೇಲೆ ಮದ್ದನ್ನೀಯುವುದು ಕಲ್ಯಾಣದ ವೈದ್ಯನಿಗೂ ಇಂದಿನ ವೈದ್ಯನಿಗೂ ಒಂದೇ ಧರ್ಮ.