ಕಾಮಗಾರಿ ವಲಯದ ಸಂಚಾರ ಸುರಕ್ಷತೆ (ಚೆನ್ನೈ)

ರಸ್ತೆ ಕಾಮಗಾರಿ ನಡೆಯುವಲ್ಲಿ ವಾಹನ ಸವಾರರು, ಪಾದಚಾರಿಗಳು ಮತ್ತು ಕಾರ್ಮಿಕರ ರಕ್ಷಣೆಗೆ ಮಾಡುವ ವ್ಯವಸ್ಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ:ಎಸ್‌ಪಿ:55 ಮಾರ್ಗಸೂಚಿ (ಪರಿಷ್ಕರಣೆ 2014) ಇದಕ್ಕೆ ಆಧಾರ. ಅದು ಸ್ಥಳವನ್ನು ಮುನ್ನೆಚ್ಚರಿಕೆ, ಪಥ ಬದಲಾವಣೆ, ಕಾಮಗಾರಿ, ಸಮಾಪ್ತಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ನಗರದಲ್ಲಿ ಇದರ ಅಗತ್ಯ ಎದ್ದು ಕಂಡದ್ದು ಮೆಟ್ರೊ ಎರಡನೇ ಹಂತದಲ್ಲಿ: ಮೂರು ಮಾರ್ಗ, ಮಂಜೂರಾದ ಉದ್ದ 118.9 ಕಿ.ಮೀ. ಬದಲಿ ಮಾರ್ಗಗಳನ್ನು ಸಂಚಾರ ಪೊಲೀಸರು ಪ್ರಕಟಿಸುತ್ತಾರೆ.

ಬ್ಯಾರಿಕೇಡ್‌ನ ಪ್ರತಿಫಲಕ ಪಟ್ಟಿಗೆ ಧೂಳು ಕೂತರೆ ರಾತ್ರಿ ಹೆಡ್‌ಲೈಟ್ ಬೆಳಕಿಗೆ ಅದು ಹೊಳೆಯದು; ಹೀಗಾಗಿ ಪಟ್ಟಿ ತೊಳೆಯುವುದು, ಮಿನುಗುದೀಪ ಪರೀಕ್ಷಿಸುವುದು ಗುಣಮಟ್ಟ ಪಾಲನೆಯ ಭಾಗ. ಅಕ್ಟೋಬರ್–ಡಿಸೆಂಬರ್‌ನ ಈಶಾನ್ಯ ಮಾರುತದ ಮಳೆಗೆ ನೀರು ನಿಂತಾಗ ಗುಂಡಿಯ ಅಂಚು ಕಾಣದ ಕಾರಣ, ಬರಿಯ ಟೇಪ್ ಸಾಲದು, ಗಟ್ಟಿ ತಡೆ ಬೇಕು. ಕೆಲಸ ಮುಗಿದೊಡನೆ ಫಲಕಗಳನ್ನು ತೆಗೆಯಬೇಕು.